ಸೊಸೆಯ ತೂಕದ ಬೆಲ್ಲ

ಭಾಂಡುಪ್ ಸ್ಟೇಷನ್ನಿನ ತೂಕದ ಯಂತ್ರಕ್ಕೆ ಹತ್ತು ಪೈಸೆ ಹಾಕಿದರೆ ದಪ್ಪ ಕಾಗದದ ಒಂದು ಚೀಟಿ ಬೀಳುತ್ತಿತ್ತು. ಒಂದು ಬದಿಗೆ ತೂಕ, ಇನ್ನೊಂದು ಬದಿಗೆ ಭವಿಷ್ಯ. ಆ ಭಾನುವಾರ ಚಂದ್ರವ್ವನ ಚೀಟಿಯಲ್ಲಿ, ಪಟ್ಟ ಶ್ರಮಕ್ಕೆ ಬೇಗನೆ ಫಲ ಸಿಗುತ್ತದೆ ಎಂದು ಹಿಂದಿಯಲ್ಲಿ ಬರೆದಿತ್ತು. ತಿರುಗಿಸಿ ನೋಡಿದರೆ ಎಂಬತ್ತೆಂಟು ಕಿಲೋ. ಹೋದ ತಿಂಗಳೂ ಎಂಬತ್ತೆಂಟು. ಅದರ ಹಿಂದಿನ ತಿಂಗಳೂ ಅಷ್ಟೇ.

"ಮಶೀನ್ ಖರಾಬ್ ಆಗೇದ," ಎಂದಳು ಮಗಳು ಕಸ್ತೂರಿ. ಪರೀಕ್ಷೆ ಮಾಡಲು ತಾನೂ ಹತ್ತಿ ನಿಂತಳು. ಯಂತ್ರ ಅವಳ ತೂಕವನ್ನು ಸರಿಯಾಗಿಯೇ ಹೇಳಿತು.

ಗಂಡ ಶಂಕ್ರೆಪ್ಪ ಹೆಂಡತಿಯ ಚೀಟಿಯನ್ನು ಕಿಸೆಗೆ ಹಾಕಿಕೊಂಡ. ಮನೆಯ ಕಡೆ ಮುಂದೆ ಮುಂದೆ ನಡೆದ. ಚಂದ್ರವ್ವ ಅವನ ಹಿಂದೆಯೇ ಸ್ಟೇಷನ್ನಿನ ಸೇತುವೆಯನ್ನು ಎಲ್ಲಿಯೂ ನಿಲ್ಲದೆ ಹತ್ತಿ ಇಳಿದಳು. ಅದನ್ನು ಮಾತ್ರ ಯಾರೂ ಗಮನಿಸಲಿಲ್ಲ.

ಒಂದೂವರೆ ವರ್ಷದ ಹಿಂದೆ ಅದೇ ಸೇತುವೆಯ ಮೇಲೆ ಅವಳು ಕುಸಿದು ಬಿದ್ದಿದ್ದಳು. ಆಗ ತೂಕ ನೂರಾ ಇಪ್ಪತ್ತು ದಾಟಿತ್ತು. ಶಂಕ್ರೆಪ್ಪನೂ ಮೂವರು ಹಮಾಲರೂ ಸೇರಿ ಅವಳನ್ನು ಎತ್ತಿ ತಂದಿದ್ದರು. ಬಿಜಾಪುರದ ಕಡೆಯಿಂದ ಬಂದು, ಚಾಳಿನ ಎರಡು ಕೋಣೆಯಲ್ಲಿ ಖಾನಾವಳಿ ಇಟ್ಟು, ನಸುಕಿನಿಂದ ಒಲೆ ಮುಂದೆ ಕೂತು ಜೋಳದ ರೊಟ್ಟಿ ಬಡಿದ ಹೆಂಗಸು ಅವಳು. ಊರು ಬಿಟ್ಟು ಬಂದ ಗೌಂಡಿಗಳು, ಫ್ಯಾಕ್ಟರಿ ಕೆಲಸದವರು ಅವಳ ರೊಟ್ಟಿಯ ಸಪ್ಪಳ ಕೇಳಿಯೇ ಮೆಟ್ಟಿಲು ಹತ್ತುತ್ತಿದ್ದರು. ಕೂತಲ್ಲೇ ಸಂಸಾರ ಬೆಳೆಯಿತು, ಕೂತಲ್ಲೇ ಮೈಯೂ ಬೆಳೆಯಿತು. ಮೊಣಕಾಲು ಹೋದವು, ಉಸಿರು ಹೋಗುವುದೊಂದು ಬಾಕಿ ಇತ್ತು.

ಆಗ ಪರೇಲಿನ ಕಡೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಅಮೆರಿಕದಲ್ಲಿ ಕಲಿತು ಬಂದ ಡಾಕ್ಟರೊಬ್ಬರು ಸಿಕ್ಕರು. ಕರುಳನ್ನು ಕತ್ತರಿಸಿ, ಬಹುಭಾಗವನ್ನು ಬದಿಗಿಟ್ಟು, ಮೊದಲಿನ ತುಂಡನ್ನು ಕೊನೆಯ ತುಂಡಿಗೆ ಜೋಡಿಸುವ ಆಪರೇಷನ್ನು. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ ಎಂದು ಅವರು ವಿವರಿಸಿದರು. ಚಾಳಿನಲ್ಲಿ ಯಾರೂ ಅಂಥದ್ದನ್ನು ಕೇಳಿರಲಿಲ್ಲ. ಶಂಕ್ರೆಪ್ಪ ದೇವರ ಮೇಲೆ ಭಾರ ಹಾಕಿ ಸಹಿ ಮಾಡಿದ.

ಮೈ ಇಳಿಯಿತು. ಅದರ ಜೊತೆಗೆ ಬಂದ ಫಜೀತಿಯನ್ನು ಮಾತ್ರ ಯಾರೂ ಮೊದಲೇ ಸರಿಯಾಗಿ ಹೇಳಿರಲಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಹೊಟ್ಟೆ ಕೆಡುತ್ತಿತ್ತು. ಚಾಳಿನ ಸಂಡಾಸುಗಳು ಇದ್ದದ್ದು ಗ್ಯಾಲರಿಯ ಆ ತುದಿಗೆ, ಇಡೀ ಮಜಲಿಗೆ ಸೇರಿ. ಡಬ್ಬಿ ಹಿಡಿದು ಪಾಳಿಯಲ್ಲಿ ನಿಲ್ಲಬೇಕು. ಮೊದಮೊದಲು ಹೆಂಗಸರು ಪಾಪ ಎಂದು ಅವಳನ್ನು ಮುಂದೆ ಬಿಟ್ಟರು. ಆಮೇಲೆ ಒಬ್ಬಳು, "ಚಂದ್ರವ್ವ, ಇಲ್ಲೇ ಒಂದು ಖೋಲಿ ತಗೊಂಡುಬಿಡು," ಎಂದು ನಗೆಯಾಡಿದಳು. ಚಂದ್ರವ್ವ ತಾನೂ ನಕ್ಕಳು. ಮನೆಗೆ ಬಂದು ಕದ ಹಾಕಿಕೊಂಡು ಅತ್ತಳು. ಆ ವರ್ಷವನ್ನು ಅವಳು ಹಲ್ಲು ಕಚ್ಚಿ ಕಳೆದಳು.

ಮುಂದೆ ಹೊಟ್ಟೆ ತಹಬಂದಿಗೆ ಬಂತು. ಅದೇ ಹೊತ್ತಿಗೆ ತೂಕವೂ ನಿಂತಿತು. ಉಳಿದ ತುಂಡು ಕರುಳು ಈಗ ಪೂರಾ ಕರುಳಿನ ಕೆಲಸ ಕಲಿತಿದೆ, ಬಹಳ ಜನರಿಗೆ ಹೀಗೇ ಒಂದು ಕಡೆ ನಿಲ್ಲುತ್ತದೆ, ರೋಗಿ ಚೆನ್ನಾಗಿದ್ದಾಳೆ, ಬೇಕೇ ಬೇಕೆಂದರೆ ಮತ್ತೊಮ್ಮೆ ಕತ್ತರಿಸಬಹುದು ಎಂದರು ಡಾಕ್ಟರು. ಇಷ್ಟೂ ಮಾತಿನಲ್ಲಿ ಶಂಕ್ರೆಪ್ಪನ ಕಿವಿಗೆ ಬಿದ್ದದ್ದು ಕೊನೆಯದೊಂದೇ.

ಆ ಭಾನುವಾರ ಅವನು ಊಟಕ್ಕೆ ಕೂಡುವ ಮೊದಲೇ ತೀರ್ಪು ಕೊಟ್ಟ.

"ಇನ್ನ ಮ್ಯಾಲೆ ನೀ ಒಲಿ ಮುಂದ ಕೂಡಂಗಿಲ್ಲ. ರೊಟ್ಟಿಗೆ ರಾಚವ್ವಗ ಹೇಳೇನಿ. ಎಂಬತ್ತರ ಒಳಗ ಬಾ, ನಿನ್ನ ಒಲಿ ನಿನಗ. ಶ್ರಾವಣ ಮುಗಿಯೂದ್ರಾಗ ಬರಲಿಲ್ಲಂದ್ರ ಮತ್ತ ಆಪರೇಷನ್."

"ಒಲಿಗೂ ತೂಕಕ್ಕೂ ಏನ್ ಸಂಬಂಧ?" ಎಂದಳು ಚಂದ್ರವ್ವ.

"ಬೆಕ್ಕಿನ ಮುಂದ ಹಾಲಿಟ್ಟು ಕಾಯಾಕ ನನ್ನ ಕಡೆ ಆಗೂದಿಲ್ಲ."

"ನಾ ಬೆಕ್ಕಾದೆ ಅನ್ರಿ."

ಅತ್ತೆ ಬಸಲಿಂಗವ್ವ ಮಗನ ಕಡೆಗಿದ್ದಳು. ಹಿಟ್ಟಿನ ಡಬ್ಬಿ, ಬೆಲ್ಲ, ಶೇಂಗಾ ಎಲ್ಲವನ್ನೂ ಜಾಳಿಗೆಯ ಕಪಾಟಿನಲ್ಲಿಟ್ಟು ಬೀಗ ಜಡಿದಳು. ಕಬ್ಬಿಣದ ಕೀಲಿ ಗೊಂಚಲು ಅವಳ ಸೊಂಟಕ್ಕೆ ಬಂತು. ಇಪ್ಪತ್ತು ವರ್ಷದ ಹಿಂದೆ ತಾನೇ ಸೊಸೆಗೆ ಒಪ್ಪಿಸಿದ್ದ ಗೊಂಚಲು ಅದು. ಸೊಂಟದಲ್ಲಿ ಮತ್ತೆ ಅದರ ಸಪ್ಪಳವಾದಾಗ ಮುದುಕಿಗೆ ಒಂದಿಷ್ಟು ಖುಷಿಯೂ ಆಯಿತು. ಸುಳ್ಳೇಕೆ ಹೇಳಬೇಕು.

ರಾಚವ್ವ ಕೆಳಗಿನ ಮಜಲಿನವಳು, ಒಳ್ಳೆಯವಳು. ಅವಳ ರೊಟ್ಟಿ ಮಾತ್ರ ನಡುವೆ ಹಸಿ, ಅಂಚಿಗೆ ದಪ್ಪ. ಮೊದಲ ದಿನವೇ ಗೌಂಡಿ ನಿಂಗಣ್ಣ ತಾಟಿನ ಮುಂದೆ ಕೂತು ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದ.

"ಅಕ್ಕಾರ, ಇದನ್ನ ನನಗ ಸೈಟಿಗೆ ಕೊಟ್ಟಬಿಡ್ರಿ. ಇಟ್ಟಂಗಿ ಕಮ್ಮಿ ಬಿದ್ದಾವು."

"ಸುಮ್ಮನ ತಿನ್ನು," ಎಂದಳು ಬಸಲಿಂಗವ್ವ.

"ತಿನ್ನಾಕತ್ತೇನಿ ಆಯಿ. ಹಲ್ಲಿನ ದವಾಖಾನಿ ಎಲ್ಲೈತಿ ಅಂತ ಕೇಳಿಟ್ಟಿರ್ತೀನಿ."

ಬಾಗಿಲ ಬಳಿ ಸೊಪ್ಪು ಸೋಸುತ್ತ ಕೂತಿದ್ದ ಚಂದ್ರವ್ವ ತಲೆ ಎತ್ತಲಿಲ್ಲ. ಒಲೆಯ ಕಡೆಯಿಂದ ರಾಚವ್ವನ ಕೈಸಪ್ಪಳ ಬರುತ್ತಿತ್ತು. ಲಯ ತಪ್ಪಿದಾಗಲೆಲ್ಲ ಚಂದ್ರವ್ವನ ಅಂಗೈ ತನ್ನಷ್ಟಕ್ಕೆ ಅಲುಗುತ್ತಿತ್ತು. ತಿನ್ನುವ ಆಸೆಗಿಂತ ಬಡಿಯುವ ಆಸೆಯೇ ಅವಳಿಗೆ ಹೆಚ್ಚಾಗಿತ್ತು. ಇಷ್ಟು ಸಣ್ಣ ಮಾತು ಮನೆಯಲ್ಲಿ ಒಬ್ಬರಿಗೂ ಹೊಳೆಯದೆ ಹೋಯಿತಲ್ಲ ಎಂದು ಅವಳಿಗೆ ಸಿಟ್ಟು.

ಅವಳ ಪಾಲಿನ ಎರಡು ರೊಟ್ಟಿ ಒಂದಾಯಿತು. ಪಾರ್ಲೆಯ ಕಾಲೇಜಿನಲ್ಲಿ ಸಾಯನ್ಸ್ ಓದುತ್ತಿದ್ದ ಕಸ್ತೂರಿ ಬೇಳೆಯನ್ನು ಬಟ್ಟಲಿನಲ್ಲಿ ಅಳೆದು ಬಡಿಸತೊಡಗಿದಳು. ಹಾಗೆ ಮೂರು ವಾರ ನಡೆದರೂ ಸ್ಟೇಷನ್ನಿನ ಯಂತ್ರ ಹಟ ಬಿಡಲಿಲ್ಲ. ಭವಿಷ್ಯ ಮಾತ್ರ ಬದಲಾಯಿತು. ವಿದೇಶ ಪ್ರವಾಸದ ಯೋಗ ಇದೆಯಂತೆ.

ಈ ನಡುವೆ ಬಸಲಿಂಗವ್ವನಿಗೆ ಊಟ ಸೇರದಾಯಿತು. ಅವಳ ಚಿಂತೆಯೇ ಬೇರೆ. ಆಪರೇಷನ್ನಿನ ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತು, "ಬಸವಣ್ಣಾ, ನನ್ನ ಸೊಸಿ ಜೀವಂತ ಹೊರಗ ಬರಲಿ, ಅಕಿ ತೂಕದ ಬೆಲ್ಲ ನಿನಗ ತೂಗಸ್ತೀನಿ," ಎಂದು ಹರಕೆ ಹೊತ್ತಿದ್ದಳು. ಹೊತ್ತದ್ದು ಮನಸಾರೆ. ಸೊಸೆ ಜೀವಂತ ಬಂದಳು. ಆಗ ಮುದುಕಿಯ ತಲೆಯಲ್ಲಿ ಸಂಸಾರಸ್ಥೆ ಎದ್ದು ಕೂತಳು. ಹೇಗಿದ್ದರೂ ಸೊಸೆ ಇಳಿಯುತ್ತಾಳೆ, ಈಗಲೇ ತೂಗಿಸುವ ಅವಸರವೇನು, ಇನ್ನಷ್ಟು ಇಳಿಯಲಿ, ದೇವರೇನು ಓಡಿ ಹೋಗುತ್ತಾನೆಯೇ ಎಂದುಕೊಂಡಳು. ಹೀಗೆ ಒಂದು ಹಬ್ಬದಿಂದ ಇನ್ನೊಂದು ಹಬ್ಬಕ್ಕೆ ತಳ್ಳುತ್ತ ಬಂದಳು. ಬೆಲ್ಲ ತುಟ್ಟಿಯಾಯಿತು, ಸೊಸೆಯ ಇಳಿತ ನಿಂತಿತು. ತಾನೊಂದು ಬಗೆದರೆ ದೈವವೊಂದು ಬಗೆಯಿತು. ತನ್ನ ಬೆಲ್ಲ ಇನ್ನೂ ಕಡಿಮೆಯಾಗಬಾರದೆಂದು ಬಸವಣ್ಣನೇ ಸೊಸೆಯ ತೂಕ ಹಿಡಿದು ನಿಲ್ಲಿಸಿದ್ದಾನೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಯಾರಿಗೂ ಹೇಳುವಂತಿಲ್ಲ. ಹೇಳಿದರೆ ತಪ್ಪು ತನ್ನ ತಲೆಗೇ ಬರುತ್ತದೆ.

ಶ್ರಾವಣದ ಮೊದಲ ವಾರ, ಮಧ್ಯಾಹ್ನ, ರೊಟ್ಟಿ ಎಣಿಸಿದ ಬಸಲಿಂಗವ್ವ ಹೌಹಾರಿದಳು.

"ಒಂದು ಕಮ್ಮಿ ಐತಿ. ರಾಚವ್ವಾ, ಸರಿಯಾಗಿ ಬಡದಿ ಇಲ್ಲೋ?"

"ನಾ ಎಣಿಸೇ ಇಟ್ಟೇನ್ರಿ," ಎಂದಳು ರಾಚವ್ವ.

ಅಂದು ಶಂಕ್ರೆಪ್ಪನಿಗೆ ಫ್ಯಾಕ್ಟರಿಯ ರಜೆ, ಕಸ್ತೂರಿಯೂ ಮನೆಯಲ್ಲಿದ್ದಳು. ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು. ಚಂದ್ರವ್ವ ಜೋಳದ ಚೀಲದ ಹಿಂದಿನಿಂದ ಎದ್ದು ಬಂದಳು. ಸೆರಗಿನ ಮೇಲೆ ಶೇಂಗಾ ಹಿಂಡಿಯ ಪುಡಿ ಇತ್ತು.

"ರಾಚವ್ವನ್ನ ಯಾಕ ಕೇಳ್ತೀರಿ? ನಾ ತಿಂದೇನಿ."

"ಕೇಳಿದ್ಯಾ?" ಎಂದು ಶಂಕ್ರೆಪ್ಪ ತಾಯಿಗೆ ಹೇಳಿದ. "ಅದಕ್ಕ ಇಳಿವಲ್ಲದು. ನಾ ಹೇಳಿದ್ದಿಲ್ಲ?"

"ದಿನಾ ತಿಂದಿಲ್ಲ. ಇವತ್ತ ತಿಂದೇನಿ. ಹಸಿವಾಗಿತ್ತು, ತಿಂದೆ. ನನ್ನ ಮನ್ಯಾಗ, ನನ್ನ ಕೈಲೆ ಸೋಸಿದ ಜ್ವಾಳದ ರೊಟ್ಟಿ, ಚೀಲದ ಹಿಂದ ಕುಂತು ಇಲಿ ಹಾಂಗ ತಿಂದೆ. ಗಂಟಲದಾಗ ಇಳೀಲಿಲ್ಲ. ಇಷ್ಟ ವರ್ಷ ಮಂದಿಗೆ ಬಡಿಸಿದಾಕಿನ್ನ ಕಳ್ಳಿ ಮಾಡಿದವರು ನೀವು."

"ಅವ್ವಾ, ಶಾಂತ ಹೋ," ಎಂದಳು ಕಸ್ತೂರಿ.

"ನೀನೂ ಸುಮ್ಮನಿರು. ಬಟ್ಲದಾಗ ಬ್ಯಾಳಿ ಅಳೀತಿ. ನಿನಗ ಹಾಲು ಕುಡಿಸುವಾಗ ನಾ ಯಾವ ಬಟ್ಲಾನೂ ಹಿಡದಿದ್ದಿಲ್ಲ."

ಕಸ್ತೂರಿಯ ಮುಖ ಸಣ್ಣದಾಯಿತು. ಶಂಕ್ರೆಪ್ಪ ಎದ್ದು ನಿಂತ. "ಮಾತು ಬ್ಯಾಡ. ನಾಳೆ ಆಸ್ಪತ್ರಿಗೆ ಹೋಗಿ ತಾರೀಖ ತರ್ತೀನಿ. ಮತ್ತ ಕೊಯ್ಯಲಿ."

"ಯಾರನ್ನ ಕೊಯ್ತಾರ? ಹೊಟ್ಟಿ ನಂದು. ನಾ ಮಲಗಿದ್ರ ತಾನ ಕೊಯ್ಯೂದು."

"ಸಾಯ್ತಿಯೇನು ಮತ್ತ?" ಶಂಕ್ರೆಪ್ಪನ ದನಿ ಒಡೆಯಿತು. "ಆ ಬ್ರಿಜ್ಜಿನ ಮ್ಯಾಲ ನಿನ್ನ ಬಾಯಾಗ ಬುರುಗು ಬಂದಿತ್ತು. ನಿನ್ನ ಕಾಲು ಹಿಡಕೊಂಡು ನಾ ಇಳದು ಬಂದೇನಿ. ನಾ ಮರತಿಲ್ಲ."

ಅವನು ಹಾಗೆ ಹೇಳಿದ್ದು ಅದೇ ಮೊದಲು. ಚಂದ್ರವ್ವನಿಗೆ ಅವನ ಮೇಲೆ ಕರುಣೆ ಬಂತು, ಆದರೆ ಸಿಟ್ಟು ಇಳಿಯಲಿಲ್ಲ.

"ಆ ಬ್ರಿಜ್ಜು ಈಗ ಹ್ಯಾಂಗ ಹತ್ತತೀನಿ ಅಂತ ಒಮ್ಮೆರ ತಿರುಗಿ ನೋಡೀರಿ? ಮುಂದ ಮುಂದ ಹೊಕ್ಕೀರಿ, ಕಿಸೇದಾಗ ಚೀಟಿ ಇಟ್ಕೊಂಡು. ನನ್ನ ಉಸರು ಆ ಚೀಟ್ಯಾಗ ಬರದಿರತೈತೇನು?"

ಕಸ್ತೂರಿ ಮೆಲ್ಲಗೆ ಬಾಯಿ ಹಾಕಿದಳು. "ಅಪ್ಪಾ, ಡಾಕ್ಟರ್ ಕ್ಯಾ ಬೋಲೇ ಥೇ? ಬಾಡಿ ಅಡ್ಜಸ್ಟ್ ಆಗ್ತದ ಅಂದ್ರು. ಅವ್ವ ಫಸ್ಟ್ ಕ್ಲಾಸ್ ಇದ್ದಾಳ ಅಂತನೂ ಅಂದ್ರು. ಓ ಭೀ ತೋ ಬೋಲೇ ಥೇ."

"ಅದೆಲ್ಲ ಅಲ್ಲ," ಎಂದು ಬಸಲಿಂಗವ್ವ ಗೋಡೆಗೆ ಒರಗಿ ಕೂತುಬಿಟ್ಟಳು. ಹೊಟ್ಟೆಯಲ್ಲಿದ್ದದ್ದು ತಡೆಯಲಾಗದೆ ಬಾಯಿಗೆ ಬಂತು. "ಇದು ಡಾಕ್ಟರನ ಕೈಯಾಗಿಲ್ಲ, ಇಕಿ ಕೈಯಾಗೂ ಇಲ್ಲ. ಬಸವಣ್ಣ ಹಿಡದಾನ. ಇಕಿ ತೂಕದ ಬೆಲ್ಲ ಬೇಡಕೊಂಡಿದ್ದೆ, ಕೊಟ್ಟಿಲ್ಲ. ಇನ್ನಷ್ಟು ಇಳೀಲಿ ಅಂತ ತಡದೆ."

ಹೊರಗೆ ನಳದ ಹತ್ತಿರ ಕೊಡಗಳ ಸಪ್ಪಳ ಕೇಳುತ್ತಿತ್ತು.

"ನಾ ಬದಕಲಿ ಅಂತ ಬೇಡಕೊಂಡಿದ್ರೇನು?" ಎಂದಳು ಚಂದ್ರವ್ವ.

"ಮತ್ತೇನು ಸಾಯಲಿ ಅಂತ ಬೇಡಕೋತಾರೇನ ಹುಚ್ಚಿ."

"ಅಂದ್ರ ಬದಕಿದ್ದಕ್ಕ ಹರಕಿ. ಇಳದಿದ್ದಕ್ಕಲ್ಲ."

"ಹೌದು."

"ಹಂಗಾರ ಇದ ಶ್ರಾವಣದಾಗ ತೂಗಸ್ರಿ. ಇದ್ದಷ್ಟು ತೂಗಸ್ರಿ. ಇಡೀ ಚಾಳಿನ ಮುಂದ." ಚಂದ್ರವ್ವ ಗಂಡನ ಕಡೆ ತಿರುಗಿದಳು. "ತೂಗಿದ ಮ್ಯಾಲೆ ನಿಮ್ಮ ಚೀಟಿ, ನಿಮ್ಮ ತಾರೀಖ ಎಲ್ಲಾ ಮುಗೀತು. ದೇವರು ಒಪ್ಪಿದ ತೂಕ ನಿಮಗ ಸಾಲೂದಿಲ್ಲ ಅಂತೀರೇನು?"

ದೇವರ ವಿಷಯಕ್ಕೆ ಅಡ್ಡ ಬರುವಷ್ಟು ಧೈರ್ಯ ಶಂಕ್ರೆಪ್ಪನಿಗಿರಲಿಲ್ಲ. "ತೂಗಸೋಣು," ಎಂದ. "ಆದ್ರ ನನ್ನ ಮಾತೂ ಮಾತ. ಎಂಬತ್ತರ ಒಳಗ ಇದ್ರ ಒಲಿ ನಿಂದು."

ಮರುದಿನದಿಂದ ಚಂದ್ರವ್ವ ತನ್ನ ತಾಟು ತೆಗೆದುಕೊಂಡು ಹೊರಗೆ ಗ್ಯಾಲರಿಯಲ್ಲಿ ಕೂತು ಉಣ್ಣತೊಡಗಿದಳು. ಅತ್ತೆ ಕೊಟ್ಟ ಒಂದೇ ರೊಟ್ಟಿ, ಪುಂಡಿ ಪಲ್ಯ, ಕಾಲು ಚಾಚಿ, ಸಾವಕಾಶ. ಸಂಡಾಸಿಗೆ ಹೋಗುವವರು ಬರುವವರೆಲ್ಲ ನೋಡುತ್ತಿದ್ದರು.

"ಇಷ್ಟ ಊಟೇನ ಚಂದ್ರವ್ವ?" ಎಂದು ಯಾರಾದರೂ ಕೇಳಿದರೆ, "ಮನ್ಯಾಗ ಇಷ್ಟ ಕೊಡತಾರ್ರಿ," ಎಂದು ಗಟ್ಟಿಯಾಗಿ ಹೇಳುತ್ತಿದ್ದಳು.

ಬಸಲಿಂಗವ್ವನಿಗೆ ಗ್ಯಾಲರಿಯಲ್ಲಿ ತಲೆ ಎತ್ತಿ ನಡೆಯುವುದು ಕಷ್ಟವಾಯಿತು. "ಒಳಗ ಬಂದು ಉಣ್ಣ," ಎಂದು ಕರೆದಳು. "ಒಳಗ ಉಂಡ್ರ ಕದ್ದು ತಿಂದಂಗ ಆಗತೈತ್ರಿ," ಎಂದಳು ಸೊಸೆ. ಎರಡನೆಯ ವಾರ ತಾಟಿನಲ್ಲಿ ಕೇಳದೆಯೇ ಎರಡು ರೊಟ್ಟಿ ಬಂದವು. ಚಂದ್ರವ್ವ ಎರಡನ್ನೂ ಗ್ಯಾಲರಿಯಲ್ಲಿಯೇ ತಿಂದಳು.

ಕೀಲಿ ಮಾತ್ರ ಅತ್ತೆಯ ಸೊಂಟ ಬಿಡಲಿಲ್ಲ. ಮುದುಕಿಯ ಇನ್ನೊಂದು ಜಾಣತನವೂ ಬಿಡಲಿಲ್ಲ. ಶ್ರಾವಣ ಸೋಮವಾರಕ್ಕೆ ಒಪ್ಪತ್ತು ಇರುತ್ತದೆ, ಹೇಗೋ ಎಂಬತ್ತಕ್ಕೆ ಬರುತ್ತಾಳೆ, ದೇವರಿಗೂ ಸಂದಿತು ಮಗನ ಮಾತೂ ಉಳಿಯಿತು ಎಂದು ಲೆಕ್ಕ ಹಾಕಿ ಕೊಲ್ಹಾಪುರ ಬೆಲ್ಲದ ಹತ್ತು ಹತ್ತು ಕಿಲೋದ ಪೆಂಟೆಗಳನ್ನು ಎಂಟೇ ತರಿಸಿದಳು.

ಮೂರನೆಯ ಸೋಮವಾರ ಮಳೆ ಬಿಡುವು ಕೊಟ್ಟಿತ್ತು. ಊರ ಕಡೆಯ ಗೌಂಡಿಗಳೇ ಕಟ್ಟಿದ ಬಸವಣ್ಣನ ಗುಡಿ, ತಗಡಿನ ಮಾಡಿನದು. ಅದರ ಮಗ್ಗುಲಲ್ಲೇ ಖಂಡಪ್ಪನ ಕಟ್ಟಿಗೆ ವಖಾರಿ. ಕಟ್ಟಿಗೆ ತೂಗುವ ದೊಡ್ಡ ತಕ್ಕಡಿಯನ್ನು ಖಂಡಪ್ಪ ತೊಳೆದು, ವಿಭೂತಿ ಹಚ್ಚಿ, ಹಲಗೆಗಳಿಗೆ ಕಂಬಳಿ ಹಾಸಿ ಸಿದ್ಧ ಮಾಡಿದ್ದ. ಚಾಳಿನವರು, ಖಾನಾವಳಿಯ ಊಟದವರು ಎಲ್ಲ ಬಂದಿದ್ದರು. ರಾಚವ್ವ ಆರತಿ ತಟ್ಟೆ ಹಿಡಿದಿದ್ದಳು.

ಚಂದ್ರವ್ವ ಹಸಿರು ಇಳಕಲ್ಲ ಸೀರೆ ಉಟ್ಟು ಬಂದು ಹಲಗೆಯ ಮೇಲೆ ಕಾಲು ಮಡಚಿ ಕೂತಳು. ಖಂಡಪ್ಪ ಆ ಕಡೆ ಒಂದೊಂದೇ ಪೆಂಟೆ ಇಡುತ್ತ ಹೋದ. ಎಂಟನೆಯದನ್ನೂ ಇಟ್ಟ. ಚಂದ್ರವ್ವನ ಹಲಗೆ ನೆಲ ಬಿಡಲಿಲ್ಲ.

"ಇನ್ನೂ ಬೇಕ್ರಿ," ಎಂದ ಖಂಡಪ್ಪ.

ಬಸಲಿಂಗವ್ವ ಸೊಸೆಯ ಕಿವಿಯ ಹತ್ತಿರ ಬಾಗಿ, "ಕೈಯಾನ ಬಳಿ, ಕೊಳ್ಳಾನ ಸರಾ ಬಿಚ್ಚಿಡ," ಎಂದಳು.

"ಇಡಂಗಿಲ್ಲ."

ಶಂಕ್ರೆಪ್ಪ ಮುಂದೆ ಬಂದ. ಜನರ ಮುಂದೆ ಅವನ ಕಿವಿ ಕೆಂಪಾಗಿತ್ತು. "ಸಾಕು, ಇಳಿ. ಉಳದದ್ದು ನಾಳಿಗೆ ಗುಡಿಗೆ ಮುಟ್ಟಸೋಣು. ದೇವರು ತಿಳಕೋತಾನ."

"ನಾ ಇಳಿಯಂಗಿಲ್ಲ," ಎಂದಳು ಚಂದ್ರವ್ವ. ಸರಪಳಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನನ್ನ ತೂಕ ಎಂಬತ್ತೆಂಟು. ಸಂಡಾಸದ ಪಾಳ್ಯಾಗ ನಿಂತು ನಿಂತು ಇಳಿಸಿದ ತೂಕ ಇದು. ಇದರಾಗ ಒಂದು ತೊಲಿ ದೇವರಿಗೂ ಕಮ್ಮಿ ಕೊಡಂಗಿಲ್ಲ, ನಿಮಗೂ ಕೊಡಂಗಿಲ್ಲ."

"ಘೇರಾವ್ ಆತಲ್ರಿ ಶಂಕ್ರೆಪ್ಪಣ್ಣಾರ," ಎಂದ ನಿಂಗಣ್ಣ ಹಿಂದಿನಿಂದ. ಜನ ನಕ್ಕರು. ಶಂಕ್ರೆಪ್ಪ ನಗಲಿಲ್ಲ. ಹೆಂಡತಿಯ ಮುಖವನ್ನೇ ನೋಡುತ್ತ ನಿಂತ. ಬೆವರಿಲ್ಲ, ಏದುಸಿರಿಲ್ಲ. ಎರಡು ಮಜಲು ಇಳಿದು, ಬೀದಿ ದಾಟಿ, ಗುಡಿ ಸುತ್ತಿ ಬಂದು ಕೂತವಳು ಇಷ್ಟು ಜನರಿಗೆ ಕೇಳುವ ಹಾಗೆ ದನಿ ಎತ್ತಿ ಮಾತಾಡುತ್ತಿದ್ದಳು.

"ಮನ್ಯಾಗ ಕಪಾಟಿನ್ಯಾಗ ಒಂದು ಪೆಂಟಿ ಐತಿ," ಎಂದಳು ಕಸ್ತೂರಿ. "ಆಯಿ, ಚಾವಿ ದೋ. ನಾ ತರ್ತೀನಿ."

ಬಸಲಿಂಗವ್ವ ಸೊಂಟದಿಂದ ಗೊಂಚಲು ಬಿಚ್ಚಿ ಮೊಮ್ಮಗಳ ಕಡೆ ಚಾಚಿದಳು.

"ಅತ್ತೀ, ಅದನ್ನ ನನಗ ಕೊಡ್ರಿ," ಎಂದು ಚಂದ್ರವ್ವ ಹಲಗೆಯ ಮೇಲಿಂದಲೇ ಕೈ ಒಡ್ಡಿದಳು.

ಮುದುಕಿಯ ಕೈ ಅಲ್ಲೇ ನಿಂತಿತು. ಅವಳು ಮಗನ ಮುಖ ನೋಡಿದಳು. ಶಂಕ್ರೆಪ್ಪ ಕಿಸೆಗೆ ಕೈ ಹಾಕಿದ. ಸ್ಟೇಷನ್ನಿನ ಚೀಟಿಗಳು ಅಲ್ಲೇ ಇದ್ದವು. ಹೊರಗೆ ತೆಗೆದು, ಹರಿದು, ವಖಾರಿಯ ಸೌದೆ ಪುಡಿಯ ಮೇಲೆ ಚೆಲ್ಲಿದ.

"ಕೊಡ ಯವ್ವಾ," ಎಂದ. "ಅಕಿ ಮನಿ, ಅಕಿ ಒಲಿ."

ಗೊಂಚಲು ಸೊಸೆಯ ಕೈಗೆ ಬಂತು. ಚಂದ್ರವ್ವ ಅದರಿಂದ ಕಪಾಟಿನ ಕೀಲಿ ಒಂದನ್ನು ಮಾತ್ರ ಬಿಡಿಸಿ ಮಗಳಿಗೆ ಕೊಟ್ಟಳು. ಕಸ್ತೂರಿ ಓಡಿ ಹೋಗಿ ಪೆಂಟೆಯನ್ನು ಟೊಂಕದ ಮೇಲೆ ಹೊತ್ತು ತಂದಳು. ಅದರಲ್ಲಿ ಒಂದು ಮೂಲೆ ಮೊದಲೇ ಖರ್ಚಾಗಿತ್ತು. ಖಂಡಪ್ಪ ಅದನ್ನು ಇಟ್ಟ ಕೂಡಲೇ ತಕ್ಕಡಿ ಕಿರ್ರೆಂದಿತು, ಚಂದ್ರವ್ವನ ಹಲಗೆ ನೆಲ ಬಿಟ್ಟು ಬೆರಳಷ್ಟು ಮೇಲೆದ್ದಿತು. ಹೆಂಗಸರು ಕೈ ಮುಗಿದರು. ಅಷ್ಟರಲ್ಲಿ ಕಸ್ತೂರಿ ಕೀಲಿಯನ್ನು ಅವ್ವನ ಉಡಿಯಲ್ಲಿದ್ದ ಗೊಂಚಲಿನ ಮೇಲೆ ಹಾಕಿದಳು. ಹಲಗೆ ಮತ್ತೆ ಇಳಿದು ನೆಲ ಮುಟ್ಟಿತು.

"ಕೀಲಿ ಈ ಕಡೆ ಕೊಡ, ಸರಿ ಆಗತೈತಿ," ಎಂದಳು ಬಸಲಿಂಗವ್ವ. ಹಳೆಯ ಚಾಳಿ ಎಲ್ಲಿ ಹೋಗುತ್ತದೆ.

"ಕೀಲಿ ನನ್ನ ಕೂಡನ ಇರತೈತ್ರಿ. ಅದರ ತೂಕದ ಬೆಲ್ಲಾನೂ ಹಾಕ್ರಿ."

ಬಸಲಿಂಗವ್ವ ಸೊಸೆಯನ್ನು ದುರುಗುಟ್ಟಿ ನೋಡಿದಳು. ಆಮೇಲೆ ಅವಳ ಬೊಚ್ಚು ಬಾಯಿ ತಾನಾಗಿ ಅಗಲವಾಯಿತು. ರಾಚವ್ವನ ತಟ್ಟೆಯಲ್ಲಿ ನೈವೇದ್ಯಕ್ಕಿಟ್ಟ ಬೆಲ್ಲದ ಅಚ್ಚನ್ನು ತಾನೇ ಎತ್ತಿ ಆ ಕಡೆಯ ರಾಶಿಯ ಮೇಲಿಟ್ಟಳು. ಹಲಗೆ ಮೇಲೆದ್ದು, ಎಲ್ಲರ ಕಣ್ಣೆದುರು ಸಮನಾಗಿ ನಿಂತಿತು.

"ಆತೇನ? ಸಮಾಧಾನ ಆತೇನ ನಿನಗ?" ಎಂದಳು ಮುದುಕಿ. "ಇನ್ನರ ಇಳಿ. ಸಂಜಿ ಊಟಕ್ಕ ಎಷ್ಟು ರೊಟ್ಟಿ ಆಗಬೇಕಂತ ಲೆಕ್ಕ ಹೇಳ."

"ಮೊದಲ ನನ್ನವು ಎರಡು," ಎಂದಳು ತಕ್ಕಡಿಯಲ್ಲಿ ತೂಗುತ್ತಲೇ ಚಂದ್ರವ್ವ. "ಉಳದದ್ದು ನೀವು ಎಣಸ್ರಿ."